ಆಳಗಡಲಿಗೆ ಎಂಥ ಗಾಳದ ಕೋಲು?

ಕೆರೆಯ ದಂಡೆಯಲ್ಲಿ ಬಿದಿರುಕೋಲಿಗೆ ದಾರ ಕಟ್ಟಿ ಗಾಳ ಹಾಕುವವರನ್ನು ವಾಚಕರು ಕಂಡೇ ಇರುತ್ತಾರೆ. ಆಳಗಡಲಿನಲ್ಲಿ ದೋಣಿಯಿಂದ ಗಾಳ ಹಾಕುವವರ ಕೋಲಿಗೆ ನೂಲು ಸುತ್ತುವ ರಾಟೆಯೂ ಇರುತ್ತದೆ. 'ಸ್ಪಿನ್ನಿಂಗ್' ಎಂಬ ಬಗೆಯಲ್ಲಿ ರಾಟೆಯು ಕೋಲಿನ ಕೆಳಗೆ ತೂಗುತ್ತದೆ. ಗಾಳವನ್ನೆಸೆದಾಗ ಅದರ ಸುರುಳಿ ತಿರುಗುವುದಿಲ್ಲ. ನೂಲು ಅಂಚಿನಿಂದ ಜಾರಿ ಬಿಚ್ಚಿಕೊಳ್ಳುತ್ತದೆ. ಇಂಥದೊಂದು ರಾಟೆಗೆ 1905ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್.

ದೊಡ್ಡ ಮೀನಿಗೆ ಉದ್ದನೆಯ, ಬಾಗದ ಕೋಲೇ ಬೇಕೆಂದು ಭಾವಿಸುವುದು ಸಹಜ. ಇದು ಸರಿಯೆ? ಸನ್ನೆಯ ನಿಯಮವನ್ನು ಪ್ರಯೋಗಿಸಿ ನೋಡೋಣ.

ಕೋಲಿನ ಬುಡವನ್ನು ಸೊಂಟದ ಪಟ್ಟಿಗೆ ಊರಿ, ಅಲ್ಲಿಂದ 60 ಸೆಂಟಿಮೀಟರ್ ಮೇಲೆ ಕೈಯಿಂದ ಹಿಡಿದಿದ್ದೇವೆ ಎಂದುಕೊಳ್ಳಿ. ಬುಡವೇ ಆಧಾರಬಿಂದು. ಕೋಲಿನ ಉದ್ದ 240 ಸೆಂಟಿಮೀಟರ್ ಇದ್ದು, ಮೀನು ಅದರ ತುದಿಯನ್ನು ಲಂಬವಾಗಿ 5 ಕಿಲೋಗ್ರಾಂ ತೂಕದಷ್ಟು ಬಲದಿಂದ ಸೆಳೆದರೆ, ಕೈ ಅದರ ನಾಲ್ಕರಷ್ಟು, ಅಂದರೆ 20 ಕಿಲೋಗ್ರಾಂ ತೂಕದಷ್ಟು ಬಲವನ್ನು ಹಾಕಬೇಕು. 180 ಸೆಂಟಿಮೀಟರಿನ ಕೋಲಿಗೆ 15 ಕಿಲೋಗ್ರಾಂ ಸಾಕು. ಗಡಾರಿಯಿಂದ ಬಂಡೆಯನ್ನು ಮೀಟುವಾಗ ನಮಗೆ ನೆರವಾಗುವ ಸನ್ನೆ ಇಲ್ಲಿ ಮೀನಿನ ಪಕ್ಷವನ್ನು ವಹಿಸುತ್ತದೆ!

ಆದುದರಿಂದ ದೋಣಿಯಿಂದ ನೇರವಾಗಿ ಆಳಕ್ಕೆ ಗಾಳ ಬಿಡುವವರಿಗೆ ಒಂದೂವರೆಯಿಂದ 1.8 ಮೀಟರಿನ ಗಿಡ್ಡ ಕೋಲು ಲೇಸು. ಅಂಡಮಾನಿನ ಸುತ್ತಣ ಕಡಲಿನಲ್ಲಿರುವಂತೆ ಮೇಲ್ಮಟ್ಟದಲ್ಲಿ ಬೇಟೆಯಾಡುವ ಮೀನುಗಳತ್ತ ಗಾಳವನ್ನು ದೂರ ಎಸೆಯಬೇಕಾದಲ್ಲಿ ಉದ್ದವೂ ಬೇಕು, ಅಲ್ಲಿಗೆ 2.1ರಿಂದ 2.4 ಮೀಟರು ತಕ್ಕುದು.

ಬಾಗುವುದು ಕೋಲಿನ ದೌರ್ಬಲ್ಯವಲ್ಲ. ಅದು ಬಾಗಿದಾಗ ಆಧಾರಬಿಂದುವಿನಿಂದ ನೂಲಿನ ರೇಖೆಗಿರುವ ಲಂಬದೂರ ಕಡಮೆಯಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಆ ದೂರ 120 ಸೆಂಟಿಮೀಟರಿಗೆ ಇಳಿದರೆ ಕೈಯ ಶ್ರಮವೂ ಅರ್ಧಕ್ಕಿಳಿಯುತ್ತದೆ. ಮೀನಿನ ಹಠಾತ್ ಎಳೆತವನ್ನು ಕೋಲು ನುಂಗಿಕೊಳ್ಳುವುದರಿಂದ ನೂಲೂ ಉಳಿಯುತ್ತದೆ.

ಇನ್ನು ದ್ರವ್ಯದ ವಿಚಾರ. ರಾಳದಲ್ಲಿ ಅಂಟಿಸಿದ ಗಾಜಿನ ಎಳೆಗಳಿಂದಲೂ ಇಂಗಾಲದ ಎಳೆಗಳಿಂದಲೂ ಕೋಲುಗಳನ್ನು ತಯಾರಿಸುತ್ತಾರೆ. ಇಂಗಾಲದ ಎಳೆ ಗಾಜಿನದಕ್ಕಿಂತ ಹಗುರ. ಬಿರುಸಿನಲ್ಲಿ ಸುಮಾರು ಮೂರು ಪಟ್ಟು. ದಿನವಿಡೀ ಎಸೆಯುವವನಿಗೆ ಅದು ಹಿತ. ಆದರೆ ಗಾಜಿನ ಎಳೆ ಹೆಚ್ಚು ಹಿಗ್ಗಿದ ಮೇಲೆಯೇ ತುಂಡಾಗುತ್ತದೆ. ದೋಣಿಯ ಅಡಿಗೆ ನುಗ್ಗುವ ಭಾರಿ ಮೀನಿನೊಡನೆ ಸೆಣಸಲು ಗಾಜಿನ ಅಥವಾ ಎರಡೂ ಬೆರೆತ ಕೋಲು ಹೆಚ್ಚು ನಂಬಿಕೆಗೆ ಅರ್ಹ. ಇಂಗಾಲ ವಿದ್ಯುದ್ವಾಹಕವೆಂಬುದನ್ನೂ ಮರೆಯಬಾರದು: ಗುಡುಗು ಕೇಳಿದೊಡನೆ ಅಂಥ ಕೋಲನ್ನು ಕೆಳಗಿಟ್ಟು ದಡ ಸೇರುವುದೇ ಜಾಣತನ.

ಕೊಳ್ಳುವಾಗ ಕೋಲಿನ ಮೇಲೆ ನಮೂದಿಸಿದ ನೂಲಿನ ಬಲವನ್ನು ಮೊದಲು ಓದಬೇಕು. ರಾಟೆಯ ತಡೆಯನ್ನು ಸಾಮಾನ್ಯವಾಗಿ ನೂಲು ಹರಿಯುವ ಬಲದ ಕಾಲು ಭಾಗದಿಂದ ಮೂರನೆಯ ಒಂದು ಭಾಗಕ್ಕೆ ಹೊಂದಿಸುತ್ತಾರೆ. 24 ಕಿಲೋಗ್ರಾಂ ತಾಳುವ ನೂಲಾದರೆ, ಸೆಳೆತ 6ರಿಂದ 8 ಕಿಲೋಗ್ರಾಂ ಮುಟ್ಟಿದೊಡನೆ ರಾಟೆಯು ನೂಲು ಬಿಡತೊಡಗಬೇಕು. ಆ ಸೆಳೆತದಲ್ಲಿ ಕೋಲು ಚೆನ್ನಾಗಿ ಬಾಗಬೇಕು, ಬುಡದಲ್ಲಿ ಇನ್ನೂ ಬಲ ಉಳಿದಿರಬೇಕು. ನೂಲು ಹಾಯುವ ಉಂಗುರಗಳು ಉಪ್ಪುನೀರಿಗೆ ತುಕ್ಕು ಹಿಡಿಯದಂಥವಾಗಿರಲಿ. ಕೊನೆಯದಾಗಿ, ಆ ಸೆಳೆತವನ್ನು ಅರ್ಧ ಗಂಟೆಯಾದರೂ ತಡೆದು ನಿಲ್ಲಲು ತನ್ನ ತೋಳಿಗೆ ಸಾಧ್ಯವೆ ಎಂಬುದನ್ನು ಕೊಳ್ಳುವವನು ತಾನೇ ಅಳೆದುಕೊಳ್ಳಬೇಕು.