ಘಾನಾ ದೇಶದ ಕವಡೆ ನೋಟು

ನನ್ನ ಹತ್ರ ಘಾನಾ ದೇಶದ 1965ರ ಒಂದು ಸೇಡಿ ನೋಟಿದೆ. ಹಡಗಿನಲ್ಲಿ ಕೆಲಸ ಮಾಡಿದ್ದ ನಮ್ಮ ಸೋದರಮಾವ ಕೊಟ್ಟದ್ದು. "ಇದಕ್ಕೆ ಕವಡೆ ಕಾಸಿನ ಬೆಲೆ ಇಲ್ಲ" ಅಂತ ಅಣ್ಣ ನಗ್ತಾನೆ. ಆದರೆ ಸೇಡಿ ಎಂಬ ಹೆಸರು ಬಂದಿದ್ದೇ ಕವಡೆಯಿಂದ! ಅಲ್ಲಿನ ಅಕಾನ್ ಭಾಷೆಯಲ್ಲಿ ಕವಡೆಗೆ ಹಾಗನ್ನುತ್ತಾರೆ. ಹಿಂದೆ ಅಲ್ಲಿ ಕವಡೆ ಕೊಟ್ಟೇ ಸಾಮಾನು ಕೊಳ್ಳುತ್ತಿದ್ದರು.

ಘಾನಾ ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿದೆ. 1957ರ ಮಾರ್ಚ್ 6ರಂದು ಬ್ರಿಟಿಷರಿಂದ ಸ್ವತಂತ್ರವಾಯಿತು. ಆಮೇಲೂ ಸ್ವಲ್ಪ ವರ್ಷ ಪೌಂಡೇ ಇತ್ತು. 1965ರಲ್ಲಿ ಸೇಡಿ ಬಂತು. ನೋಟಿನ ಮೇಲೆ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಅವರ ಚಿತ್ರ. 1966ರಲ್ಲಿ ಸೈನ್ಯದವರು ಅವರನ್ನು ಅಧಿಕಾರದಿಂದ ಇಳಿಸಿದರು. ನೋಟು ಬಂದು ಎರಡು ವರ್ಷ ತುಂಬುವ ಮೊದಲೇ, 1967ರಲ್ಲಿ, ಬೇರೆ ನೋಟು ತಂದು ಅವರ ಮುಖ ತೆಗೆದೇಬಿಟ್ಟರು. ಮತ್ತೆ 2007ರ ನೋಟಿನಲ್ಲಿ ಆರು ನಾಯಕರ ಚಿತ್ರ ಹಾಕಿದಾಗ ಅವರೂ ಬಂದರು.

ಇಂಥ ನೋಟನ್ನು ನಾನು ಗೋಂದು ಹಚ್ಚಿ ಪುಸ್ತಕಕ್ಕೆ ಅಂಟಿಸಿದ್ದೆ. ಬಿಡಿಸುವಾಗ ಮೂಲೆ ಹರಿದುಹೋಯಿತು. ಮಾವ ಬೈಲಿಲ್ಲ, ನನಗೇ ಅಳು ಬಂತು. ನೋಟು ಕೂಡಿಡುವವರು ಅಂಟಿಸಬಾರದು, ತೊಳೀಬಾರದು, ಇಸ್ತ್ರಿಯನ್ನೂ ಮಾಡಬಾರದು. ಅಂಚು ಹಿಡಿದೇ ಎತ್ತಬೇಕು. ನೋಡಬೇಕು ಅನ್ನುವವರು ಊಟದ ಬಿಡುವಿನಲ್ಲಿ ಬನ್ನಿ, ಕೈ ತೊಳೆದು ಒರೆಸಿಕೊಂಡು ಬನ್ನಿ.