ಎಕ್ಸ್ ಎಣಿಸಿ ಟೋಪಿ ಕೊಳ್ಳಬಹುದೇ?

ಅಮೆರಿಕದ ಕೌಬಾಯ್ ಟೋಪಿಯನ್ನು ಮಗುಚಿ ನೋಡಿದರೆ ಒಳಗೆ 6ಎಕ್ಸ್, 20ಎಕ್ಸ್, 100ಎಕ್ಸ್ ಎಂಬ ಗುರುತು ಕಾಣುತ್ತದೆ. ಒಂದು ಎಕ್ಸ್ ಎಂದರೆ ಶೇಕಡಾ 10ರಷ್ಟು ಬೀವರ್ ತುಪ್ಪಳ, 10ಎಕ್ಸ್ ಎಂದರೆ ಅಪ್ಪಟ ಬೀವರ್ ಎಂದು ನಂಬಿದವರು ಬಹಳ ಮಂದಿ. 100ಎಕ್ಸ್‌ಗೆ ಬರುವಷ್ಟರಲ್ಲಿ ಈ ಲೆಕ್ಕ ತಾನಾಗಿಯೇ ಮುರಿದು ಬೀಳುತ್ತದೆ.

ಉದ್ಯಮವೆಲ್ಲ ಒಪ್ಪಿಕೊಂಡ ಎಕ್ಸ್ ಅಳತೆ ಎಂಬುದೇ ಇಲ್ಲ. ಒಬ್ಬೊಬ್ಬ ತಯಾರಕರದು ಒಂದೊಂದು ಲೆಕ್ಕ. ಒಂದೇ ಕಂಪನಿಯ ಎರಡು ಟೋಪಿಗಳನ್ನು ಹೋಲಿಸುವಾಗ ಮಾತ್ರ ಆ ಗುರುತಿನಿಂದ ಪ್ರಯೋಜನವುಂಟು. ಕೊಳ್ಳುವವರು ಕೇಳಬೇಕಾದದ್ದು ಬೇರೆ: ಯಾವ ಪ್ರಾಣಿಯ ತುಪ್ಪಳ, ಎಷ್ಟು ಪಾಲು?

ತುಪ್ಪಳದಿಂದ ಮಾಡುವ ಟೋಪಿಯ ಬಟ್ಟೆಯೇ ಫೆಲ್ಟ್; ಅದು ಕಂಬಳಿಯಂತೆ ಮಗ್ಗದಲ್ಲಿ ನೇಯ್ದದ್ದಲ್ಲ. ತುಪ್ಪಳದ ಒಂದೊಂದು ಎಳೆಯ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರು, ಆವಿ, ಒತ್ತಡ ಸೇರಿದಾಗ ಅವು ಒಂದಕ್ಕೊಂದು ಬಿಗಿಯಾಗಿ ತೊಡರಿಕೊಳ್ಳುತ್ತವೆ. ಬೀವರ್‌ನ ನವಿರಾದ ಒಳತುಪ್ಪಳ ಈ ಕೆಲಸಕ್ಕೆ ಬಲು ಸೊಗಸು. ಅದರ ಫೆಲ್ಟ್ ನೀರನ್ನೂ ಚೆನ್ನಾಗಿ ತಡೆಯುತ್ತದೆ. ಹಾಗೆಂದು ಮೊಲದ ತುಪ್ಪಳವನ್ನು ಕೀಳೆಂದು ತಳ್ಳುವುದು ಅನ್ಯಾಯ. ಆಸ್ಟ್ರೇಲಿಯದ ರೈತರು, ದನಗಾಹಿಗಳು ಬಿಸಿಲು ಮಳೆಯೆನ್ನದೆ ಧರಿಸುವ ಅಕುಬ್ರಾ ಟೋಪಿ ಮೊಲದ ತುಪ್ಪಳದ್ದೇ. ಇಟಲಿಯ ಅಲೆಸ್ಸಾಂಡ್ರಿಯದಲ್ಲಿ 1857ರಲ್ಲಿ ಆರಂಭವಾದ ಬೋರ್ಸಲಿನೋ ಹೆಸರು ಮಾಡಿದ್ದೂ ಮೊಲದ ಫೆಲ್ಟ್‌ನಿಂದಲೇ.

ಟೋಪಿ ಗಟ್ಟಿಯಾಗಿದ್ದಷ್ಟೂ ಉತ್ತಮ ಎಂಬುದು ಇನ್ನೊಂದು ನಂಬಿಕೆ. ಗಡಸುತನ ಬರುವುದು ಬಹುಪಾಲು ಷೆಲ್ಯಾಕ್‌ನಂಥ ಅಂಟಿನಿಂದ. ಷೆಲ್ಯಾಕ್ ಎಂದರೆ ಶುದ್ಧಗೊಳಿಸಿದ ಅರಗು, ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅದೇ ಅರಗು. ಲಂಡನ್ನಿನಲ್ಲಿ 1849ರಲ್ಲಿ ಹುಟ್ಟಿದ ಬೌಲರ್ ಟೋಪಿಯನ್ನು ಬೇಟೆಕಾವಲುಗಾರರ ತಲೆಗೆ ಕೊಂಬೆ ತಾಗದಿರಲೆಂದು ಬೇಕೆಂದೇ ಗಟ್ಟಿ ಮಾಡಿದ್ದರು. ಮೆತ್ತನೆಯ ಫೆಡೋರಾ ಟೋಪಿಗೆ ಆ ಗುಣ ಬೇಡ. ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನೋಡಬೇಕು: ಮೈ ಒತ್ತಾಗಿ, ನುಣುಪಾಗಿ, ಎಲ್ಲೆಡೆ ಒಂದೇ ದಪ್ಪವಿದ್ದು, ಮೆಲ್ಲಗೆ ಬಾಗಿಸಿ ಬಿಟ್ಟರೆ ತನ್ನ ಆಕಾರಕ್ಕೆ ಮರಳಿದರೆ ಅದು ಒಳ್ಳೆಯ ಫೆಲ್ಟ್. ಕೈಗೆ ಸಿಗುವ ಈ ಸಾಕ್ಷಿಯ ಮುಂದೆ ಯಾವ ಅಚ್ಚೂ ನಿಲ್ಲದು.

ಚೀಟಿಯಲ್ಲಿ ‘ಫೆಲ್ಟ್’ ಎಂದಷ್ಟೇ ಇದ್ದರೆ ಎಚ್ಚರ ಬೇಕು. ಕುರಿಯ ಉಣ್ಣೆಯದೂ ಫೆಲ್ಟೇ. ಅದು ಅಗ್ಗ, ಆದರೆ ಮಳೆಗೆ ಬೇಗ ರೂಪಗೆಡುತ್ತದೆ. ತುಪ್ಪಳದ ಟೋಪಿ ಒಂದು ಮಳೆಗೆ ಹಾಳಾಗದು. ಆದರೆ ನೆಂದದ್ದನ್ನು ಒಲೆಯ ಬಳಿಯೋ ಹೇರ್ ಡ್ರೈಯರ್‌ನಿಂದಲೋ ಒಣಗಿಸಲು ಹೋದರೆ ಒಳಗಿನ ಚರ್ಮದ ಪಟ್ಟಿ ಮುದುರಿ ಅಳತೆಯೇ ಕೆಡುತ್ತದೆ. ಗಾಳಿಗೆ ತಾನಾಗಿ ಆರಲು ಬಿಟ್ಟರಾಯಿತು.

ತುಪ್ಪಳದ ಟೋಪಿಯೆಂದರೆ ವಿಷ ಎಂಬ ಭಯಕ್ಕೆ ಮಾತ್ರ ನಿಜವಾದ ಬೇರಿದೆ. ಹಿಂದೆ ತುಪ್ಪಳವನ್ನು ಪಾದರಸದ ನೈಟ್ರೇಟ್‌ನಿಂದ ಹದಗೊಳಿಸುತ್ತಿದ್ದರು. ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಟೋಪಿ ಕಾರ್ಮಿಕರಿಗೆ ಬಂದ ಕೈನಡುಕಕ್ಕೆ ಊರಿನ ಹೆಸರೇ ಅಂಟಿಕೊಂಡಿತ್ತು. ಅಮೆರಿಕದಲ್ಲಿ ಈ ಪದ್ಧತಿ ನಿಂತದ್ದು 1941ರಲ್ಲಿ. ಹೊಸ ಟೋಪಿಗೆ ಆ ಭಯ ಬೇಡ. ಆದರೆ ಅದಕ್ಕೂ ಹಿಂದಿನ ಟೋಪಿಗಳಲ್ಲಿ ಇಂದಿಗೂ ಪಾದರಸ ಉಳಿದಿರಬಹುದು, ಆದ್ದರಿಂದಲೇ ವಸ್ತುಸಂಗ್ರಹಾಲಯಗಳಲ್ಲಿ ಅವನ್ನು ಕೈಗವಸು ತೊಟ್ಟೇ ಮುಟ್ಟುತ್ತಾರೆ.