ಹೊಗೆಕೊಳವೆಗೊಂದು ತಗಡಿನ ಕದ

ಕುಂದಗೋಳ ತಾಲ್ಲೂಕಿನ ಸಂಶಿಯ ಕಡೆ ಹತ್ತಿ ಬಿಡಿಸಿ ಮುಗಿದ ಮೇಲೆ ಒಣಗಿದ ಗಿಡ ಹಿತ್ತಲಿಗೆ ಬರುತ್ತದೆ. ಜನ ಇದಕ್ಕೆ ಹತ್ತಿಕಟಿಗಿ ಎನ್ನುತ್ತಾರೆ. ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲೂ ಅನೇಕ ಕಡೆ ಸ್ನಾನದ ನೀರು ಕಾಯುವುದು ಇದರಿಂದಲೇ. ಭರ್ರನೆ ಹತ್ತಿ ಭರ್ರನೆ ಉರಿದುಹೋಗುವುದು ಈ ಕಟಿಗಿಯ ಗುಣ. ಒಲೆಗೆ ಹೊಗೆಕೊಳವೆ ಕೂಡಿಸಿದರಂತೂ ಇನ್ನೂ ಬೇಗ. ಕಣ್ಣುರಿ ತಪ್ಪಿತು ಎಂದು ಸಮಾಧಾನಪಡುವಷ್ಟರಲ್ಲಿ ಹೊರೆ ಖಾಲಿಯಾಗಿರುತ್ತದೆ.

ಕೊಳವೆಗೆ ಈ ಎಳೆತ ಎಲ್ಲಿಂದ ಬಂತು? ಬಿಸಿ ಗಾಳಿ ಹಗುರ. ಹೊರಗೆ 27 ಡಿಗ್ರಿ, ಕೊಳವೆಯೊಳಗೆ 177 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. ಕೆಲ್ವಿನ್ ಲೆಕ್ಕದಲ್ಲಿ 300 ಮತ್ತು 450. ಹೈಸ್ಕೂಲಿನಲ್ಲಿ ಓದಿದ ಚಾರ್ಲ್ಸ್ ನಿಯಮದ ಪ್ರಕಾರ ಒಳಗಿನ ಗಾಳಿಯ ಸಾಂದ್ರತೆ ಹೊರಗಿನದರ ಮೂರರಲ್ಲಿ ಎರಡು ಪಾಲು ಮಾತ್ರ. 3 ಮೀಟರ್ ಎತ್ತರದ ಕೊಳವೆಗೆ ಇದರಿಂದ ಸಿಗುವ ಎಳೆತ 11-12 ಪಾಸ್ಕಲ್. ಒಂದು ಮಿಲಿಮೀಟರ್ ನೀರಿನ ಕಂಬಕ್ಕಿಂತ ತುಸು ಹೆಚ್ಚು, ಅಷ್ಟೇ. ಆದರೆ ಉರಿ ಹೆಚ್ಚಿದಂತೆ ಕೊಳವೆ ಕಾಯುತ್ತದೆ, ಕೊಳವೆ ಕಾದಂತೆ ಎಳೆತ ಏರಿ ಉರಿ ಮತ್ತೂ ಹೆಚ್ಚುತ್ತದೆ. ಮೇಲೆ ಬಯಲುಸೀಮೆಯ ಗಾಳಿಯೂ ಸೇರಿದರೆ ಕೇಳುವುದೇ ಬೇಡ.

ನಮ್ಮ ಕಡೆಯ ತಾಮ್ರದ ಬಂಬನ್ನೇ ನೋಡಿ. ಅದರ ನಡುವಿನ ನಳಿಗೆಯೇ ಹೊಗೆಕೊಳವೆ, ಸುತ್ತಲೂ ನೀರು. ಎಳೆತ ಜೋರಾದರೆ ಬಿಸಿ ಹೊಗೆಗೆ ನೀರನ್ನು ಕಾಯಿಸುವಷ್ಟು ಪುರಸೊತ್ತೇ ಇರುವುದಿಲ್ಲ, ಹಾಗೆಯೇ ಮೇಲೆ ಹಾರಿಹೋಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಘಟಕದವರು ಎಂಬತ್ತರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆಯಲ್ಲಿ ಈ ಸಮಸ್ಯೆಯನ್ನು ಬುಡದಲ್ಲೇ ಹಿಡಿದರು. ಉರಿಯ ಗೂಡನ್ನು ಮುಚ್ಚಿ, ಗಾಳಿ ಜಾಲರಿಯ ಕೆಳಗಿನಿಂದ ಅಳತೆಯಾಗಿ ಬರುವಂತೆ ಮಾಡಿದರು. ಚಳಿ ದೇಶಗಳಲ್ಲಿ ಉಪಾಯ ಬೇರೆ. ಕೊಳವೆಯ ಪಕ್ಕಕ್ಕೆ ತೂಕ ಕಟ್ಟಿದ ಪುಟ್ಟ ಕದವಿರುತ್ತದೆ. ಎಳೆತ ಮಿತಿಮೀರಿದಾಗ ಕದ ತಾನೇ ತೆರೆದು ಕೋಣೆಯ ಗಾಳಿ ನೇರ ಕೊಳವೆಗೆ ಹೋಗುತ್ತದೆ. ಬೆಂಕಿಯ ಮೇಲಿನ ಎಳೆತ ತಗ್ಗುತ್ತದೆ. ಡ್ರಾಫ್ಟ್ ರೆಗ್ಯುಲೇಟರ್ ಎಂದರೆ ಇದೇ.

ನಮ್ಮ ಬಚ್ಚಲಿಗೆ ಅಷ್ಟು ಬೇಕಿಲ್ಲ ಎಂದು ನನ್ನ ಅನಿಸಿಕೆ. ಬಂಬಿನ ಮೇಲಿನ ಕೊಳವೆಯಲ್ಲಿ ಕೈಗೆಟುಕುವ ಎತ್ತರದಲ್ಲಿ ಸೀಳು ಮಾಡಿಸಿ ಜಾರುವ ತಗಡೊಂದನ್ನು ಕೂಡಿಸಿದರೆ ಸಾಕು. ಆದರೆ ತಗಡಿನ ಒಂದು ಮೂಲೆಯನ್ನು ಕತ್ತರಿಸಿರಲೇಬೇಕು. ಪೂರ್ತಿ ತಳ್ಳಿದರೂ ದಾರಿ ಮುಚ್ಚಬಾರದು. ಕೂಡಿಸುವ ಮೊದಲು ಕೊಳವೆಯ ಮಸಿ ತೆಗೆಯಿರಿ. ಬೆಂಕಿ ಹಚ್ಚುವಾಗ ತಗಡು ಪೂರ್ತಿ ಹೊರಗಿರಲಿ. ಉರಿ ನಿಂತ ಮೇಲೆ ಮೆಲ್ಲಗೆ ಒಳಗೆ ತಳ್ಳಿ, ಒಲೆಯ ಬಾಯಲ್ಲಿ ಹೊಗೆ ಕಂಡೊಡನೆ ಎರಡು ಬೆರಳಿನಷ್ಟು ಹಿಂದಕ್ಕೆ ಎಳೆಯಿರಿ.

ಉರಿ ಆರಿ ಕೆಂಡ ಉಳಿದಾಗ ತಗಡನ್ನು ಒಳಗೆ ತಳ್ಳಿಬಿಡುವ ಆಸೆ ಸಹಜ. ಅದು ಜೀವಕ್ಕೆ ಕುತ್ತು. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು, ಕಿಟಕಿ ಹಾಕಿಕೊಂಡ ಬಚ್ಚಲಲ್ಲಿ ತಲೆಸುತ್ತು ಬಂದಾಗ ಅದು ಹೊಗೆಯ ಕೆಲಸವೆಂದು ಹೊಳೆಯುವುದೇ ಇಲ್ಲ. ಕೆಂಡ ಪೂರ್ತಿ ಆರುವ ತನಕ ತಗಡು ಹೊರಗಿರಲಿ, ಕಿಟಕಿ ತೆರೆದಿರಲಿ.

ಮಕ್ಕಳು ಇದನ್ನು ಲೆಕ್ಕ ಹಾಕಿ ನೋಡಬಹುದು, ಹಿರಿಯರು ಜೊತೆಗಿದ್ದರೆ ಒಳಿತು. ಒಂದು ದಿನ ತಗಡು ತೆರೆದು, ಮರುದಿನ ಅರ್ಧ ತಳ್ಳಿ, ಅಷ್ಟೇ ನೀರನ್ನು ಅಷ್ಟೇ ಬಿಸಿಗೆ ಕಾಯಿಸಿ. ಎರಡೂ ದಿನ ಕಟಿಗಿಯನ್ನು ತೂಗಿ ಬರೆದಿಡಿ.